ಸುರುಳಿಪಟದ ಪೆಟ್ಟಿಗೆ

ಏಳನೆಯ ಶತಮಾನದ ಬಾಣಭಟ್ಟನು ತನ್ನ ‘ಹರ್ಷಚರಿತ’ದ ಐದನೆಯ ಉಚ್ಛ್ವಾಸದಲ್ಲಿ, ತಂದೆಯ ಅಸ್ವಾಸ್ಥ್ಯದ ವಾರ್ತೆಯನ್ನು ಕೇಳಿ ರಾಜಧಾನಿಗೆ ಧಾವಿಸಿ ಬಂದ ಹರ್ಷನು ಅಂಗಡಿಬೀದಿಯನ್ನು ಹೊಗುತ್ತಿರುವಂತೆಯೇ ಅವನ ಕಣ್ಣಿಗೆ ಬಿದ್ದ ಒಬ್ಬ ಯಮಪಟ್ಟಿಕನನ್ನು ವರ್ಣಿಸುತ್ತಾನೆ: ಎಡಗೈಯಲ್ಲಿ ಕೋಲುಗಳ ಆಧಾರದ ಮೇಲೆ ಹರವಿ ಹಿಡಿದ ಚಿತ್ರಪಟ, ಪಟದ ಮೇಲೆ ಭೀಕರವಾದ ಕೋಣವನ್ನೇರಿದ ಯಮ, ಇನ್ನೊಂದು ಕೈಯಲ್ಲಿ ಚಿತ್ರಗಳನ್ನು ತೋರಿ ವಿವರಿಸುವುದಕ್ಕೊಂದು ಜೊಂಡಿನ ಕಡ್ಡಿ, ಸುತ್ತಲೂ ಕುತೂಹಲದಿಂದ ಮುತ್ತಿಕೊಂಡ ಹುಡುಗರ ಗುಂಪು. ಕಾವ್ಯದ ಸಂದರ್ಭದಲ್ಲಿ ಅದೊಂದು ಅಪಶಕುನ. ಆದರೆ ಎಳೆಯ ಮಕ್ಕಳಿಗೆ ಕಥೆ ಹೇಳುವುದಕ್ಕೆ ಸಾಧನವೊಂದನ್ನು ನಿರ್ಮಿಸಬೇಕೆಂದು ಹೊರಟವರಿಗೆ ಇದಕ್ಕಿಂತ ಸ್ಪಷ್ಟವಾದ ನಿರ್ದೇಶನವು ಇಂದಿಗೂ ಬೇರೆಲ್ಲಿಯೂ ದೊರೆಯಲಾರದೆಂದು ನನಗೆ ತೋರುತ್ತದೆ. ಪಟ, ಕಡ್ಡಿ, ಹೇಳುವ ಬಾಯಿ, ಇವು ಮೂರೂ ಅಲ್ಲಿ ಬೇರೆಬೇರೆಯಾಗಿವೆ. ಪಟವು ಎಲ್ಲವನ್ನೂ ತಾನೇ ಹೇಳಿಬಿಡುವುದಿಲ್ಲ, ಬಾಯಿಯು ಎಲ್ಲವನ್ನೂ ತಾನೇ ತೋರಲಾರದು, ಎರಡರ ನಡುವೆ ಉಳಿದ ತೆರವಿನಲ್ಲಿ ಮಗುವಿನ ಮನಸ್ಸಿಗೆ ಕೆಲಸ ದೊರೆಯುತ್ತದೆ. ಕಥಾಸಾಧನವನ್ನು ಮಾಡುವವನು ಮೊದಲು ಕಾಪಾಡಬೇಕಾದುದು ಆ ತೆರವನ್ನು.

ಈ ಕಸುಬಿನ ಸಮೀಪಬಂಧುಗಳು ಬಂಗಾಳದಲ್ಲಿ ಇಂದಿಗೂ ಇದ್ದಾರೆ. ಪಶ್ಚಿಮ ಮೇದಿನೀಪುರ ಜಿಲ್ಲೆಯ ಪಿಂಗ್ಲಾ ಭಾಗದ ನಯಾ ಗ್ರಾಮದಲ್ಲಿ ‘ಚಿತ್ರಕರ್’ ಎಂಬ ಉಪನಾಮವನ್ನಿಟ್ಟುಕೊಂಡಿರುವ ಪಟುವಾ ಕುಟುಂಬಗಳು (ಇವರಲ್ಲಿ ಬಹುಮಂದಿ ಮತದಿಂದ ಮುಸಲ್ಮಾನರು, ಬರೆಯುವ ಕಥೆಗಳಾದರೋ ಮನಸಾದೇವಿಯವು, ರಾಮನವು, ದುರ್ಗೆಯವು) ಕಾಗದದ ಹಾಳೆಗಳನ್ನು ಒಂದರ ಕೆಳಗೊಂದಾಗಿ ಜೋಡಿಸಿ, ಬೆನ್ನಿಗೆ ಹಳೆಯ ಸೀರೆಯ ಬಟ್ಟೆಯನ್ನು ಅಂಟಿಸಿ, ದೀಪದ ಮಸಿಯಿಂದ ಕಪ್ಪನ್ನೂ ಅರಿಶಿನದಿಂದ ಹಳದಿಯನ್ನೂ ಶಂಖಪುಷ್ಪದಿಂದ ನೀಲಿಯನ್ನೂ ಅವರೆಯ ಎಲೆಯಿಂದ ಹಸುರನ್ನೂ ತೆಗೆದು, ಬಿಲ್ವದ ಹಣ್ಣಿನ ಅಂಟಿನಲ್ಲಿ ಕಲಸಿ ಬರೆದ ಉದ್ದನೆಯ ಸುರುಳಿಯನ್ನು ಮೇಲಿನಿಂದ ಕೆಳಕ್ಕೆ ಬಿಡಿಸುತ್ತ, ಪ್ರತಿಯೊಂದು ಚೌಕದ ಮೇಲೂ ಬೆರಳಿಟ್ಟು, ಹಾಡುತ್ತ ಕಥೆಯನ್ನು ನಡೆಸುತ್ತಾರೆ. ಐ.ಸಿ.ಎಸ್. ಅಧಿಕಾರಿಯಾಗಿದ್ದ ಗುರುಸದಯ ದತ್ತರು (1882–1941) ಹಳ್ಳಿಹಳ್ಳಿಗಳಿಂದ ಕೂಡಿಹಾಕಿದ ಇಂತಹ ಪಟಗಳನ್ನು ಕೋಲ್ಕತ್ತಾದ ಅಂಚಿನ ಜೋಕಾದಲ್ಲಿ ಅವರ ಹೆಸರಿನಲ್ಲಿಯೇ ಇರುವ ವಸ್ತುಸಂಗ್ರಹಾಲಯವು ರಕ್ಷಿಸಿದೆ. 2018ರಲ್ಲಿ ಬಂಗಾಳದ ಪಟಚಿತ್ರಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಇವರ ಪಟಗಳಲ್ಲಿ ಮಕ್ಕಳಿಗೆ ಅತ್ಯಂತ ಪ್ರಿಯವಾದುದು ಮೀನಿನ ಮದುವೆ: ಚೌಕದಿಂದ ಚೌಕಕ್ಕೆ ಬಗೆಬಗೆಯ ಮೀನುಗಳು ದಿಬ್ಬಣದಲ್ಲಿ ಹೊರಡುತ್ತವೆ, ಕೊನೆಗೆ ದೊಡ್ಡ ಮೀನೊಂದು ಬಾಯ್ದೆರೆದು ದಿಬ್ಬಣವನ್ನೇ ನುಂಗುತ್ತದೆ. ಆ ಬಾಯಿಯು ಕೊನೆಯ ಚೌಕದಲ್ಲಿದೆ, ಸುರುಳಿ ಬಿಚ್ಚುವವರೆಗೆ ಕಾಣುವುದಿಲ್ಲ. ಮುಂದಿನದನ್ನು ಮರೆಸಿಡುವ ಈ ಶಕ್ತಿಯಿಂದಲೇ ಸುರುಳಿಯು ಗೋಡೆಗೆ ತೂಗುಹಾಕಿದ ಚಿತ್ರಕ್ಕಿಂತ ಮೇಲಾಗುತ್ತದೆ.

ಇಂತಹ ಸುರುಳಿಯನ್ನೇ ಒಂದು ಪೆಟ್ಟಿಗೆಯಲ್ಲಿ ಅಳವಡಿಸಿ ಕಥೆ ಹೇಳುವ ಸಾಧನವನ್ನು ಮಾಡುವುದು ನಮ್ಮ ಉದ್ದೇಶ. ಈಗ ಆ ಕಥೆಪೆಟ್ಟಿಗೆಯನ್ನು ಇರಿಸಬೇಕಾದ ಸ್ಥಳಕ್ಕೆ, ಡಮ್ ಡಮ್‌ನ ಶಿಶುವಿಹಾರಗಳಿಗೆ, ಬರೋಣ. ಡಮ್ ಡಮ್ ಎಂದೊಡನೆ ಪ್ರಯಾಣಿಕನಿಗೆ ವಿಮಾನನಿಲ್ದಾಣವೂ, ಇತಿಹಾಸವನ್ನು ಓದಿದವನಿಗೆ ಇಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಹುಟ್ಟಿ, 1899ರ ಹೇಗ್ ಸಮ್ಮೇಳನದಲ್ಲಿ ನಿಷಿದ್ಧವಾದ ಆ ಕ್ರೂರವಾದ ಗುಂಡೂ ನೆನಪಾಗುವುದು ಸಹಜ. ಇಂದಿನ ಡಮ್ ಡಮ್ ಕೋಲ್ಕತ್ತಾದ ಉತ್ತರದ ಒಂದು ದಟ್ಟವಾದ ವಸತಿಪ್ರದೇಶ. 1984ರಲ್ಲಿಯೇ ಮೆಟ್ರೋ ರೈಲು ಇಲ್ಲಿ ಓಡತೊಡಗಿತು, ಸಿಯಾಲ್ದಾದ ಲೋಕಲ್ ರೈಲುಗಳು ಇಲ್ಲಿ ನಿಂತು ಹೊರಡುತ್ತವೆ, ತಂದೆತಾಯಿಗಳಿಬ್ಬರೂ ದುಡಿಮೆಗೆ ಹೊರಟುಹೋಗುವ ಮನೆಗಳ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಶಿಶುವಿಹಾರಗಳಲ್ಲಿ, ಅಂದರೆ ಈಗಿನವರು ಡೇ ಕೇರ್ ಎನ್ನುವ ಮನೆಗಳಲ್ಲಿ, ಕಾಲ ಕಳೆಯುತ್ತಾರೆ. ಸರಕಾರದ ಅಂಗನವಾಡಿಗೆ ಇಲ್ಲಿಯ ಜನ ‘ಖಿಚುಡಿ ಇಸ್ಕೂಲ್’ ಎಂದು ಹೆಸರಿಟ್ಟಿರುವುದು, ಅಲ್ಲಿ ಮಕ್ಕಳಿಗೆ ಯಾವುದು ಮುಖ್ಯವೆಂಬುದನ್ನು ನಿಸ್ಸಂಕೋಚವಾಗಿ ಹೇಳುತ್ತದೆ. ಪಾಠ ಹೇಳುವವಳು ದಿದಿಮಣಿ, ಉಣ್ಣಿಸಿ ಮಲಗಿಸುವವಳು ಮಾಶಿ. ಕಥೆ ಹೇಳುವ ಹೊಣೆ ಹೆಸರಿಗೆ ಮೊದಲನೆಯವಳದಾದರೂ, ಕಥೆ ಹೇಳುವ ಬಲ್ಮೆ ಹಲವು ವೇಳೆ ಎರಡನೆಯವಳಲ್ಲಿಯೇ ಹೆಚ್ಚಾಗಿರುತ್ತದೆ. ಸಾಧನವು ಇಬ್ಬರ ಕೈಗೂ ಒಗ್ಗಬೇಕು. ಓದುಬರಹ ಬಲ್ಲವರಿಗೆ ಮಾತ್ರ ಸಲ್ಲುವ ಸಾಧನವನ್ನು ಮಾಡಿದರೆ, ಮನೆಯಲ್ಲಿರುವ ಅತ್ಯುತ್ತಮ ಕಥೆಗಾರ್ತಿಯನ್ನು ಹೊರಗೆ ನಿಲ್ಲಿಸಿದಂತಾಗುತ್ತದೆ.

ಇಷ್ಟೆಲ್ಲ ಪ್ರಯಾಸವೇತಕ್ಕೆ, ಒಂದು ಪರದೆಯನ್ನು ಗೋಡೆಗೆ ತಗುಲಿಸಿ ಗುಂಡಿಯೊತ್ತಿದರೆ ಕಥೆ ತಾನಾಗಿ ಸುರಿಯುವುದಿಲ್ಲವೇ ಎಂದು ಕೇಳುವವರುಂಟು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸೂಚನೆಯ ಪ್ರಕಾರ ಒಂದು ವರ್ಷದ ಕೂಸಿಗೆ ಪರದೆಯ ಮುಂದೆ ಕೂರುವುದು ಸಲ್ಲದು, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆಯನ್ನು ಮೀರಕೂಡದು, ಅದಕ್ಕೂ ಕಡಿಮೆಯಾದಷ್ಟು ಒಳ್ಳೆಯದು; ಮಗು ಕುಳಿತಿರುವ ಹೊತ್ತಿನಲ್ಲಿ ಹಿರಿಯರು ಕಥೆ ಹೇಳುವುದನ್ನೂ ಓದುವುದನ್ನೂ ಅದೇ ಸೂಚನೆಯು ಪ್ರೋತ್ಸಾಹಿಸುತ್ತದೆ. ಆದರೆ ನನ್ನ ಆಕ್ಷೇಪಣೆ ಆರೋಗ್ಯಶಾಸ್ತ್ರದ್ದಷ್ಟೇ ಅಲ್ಲ. ಗ್ರಾಮೊಫೋನ್ ಕಂಪನಿಯು 1928ರಲ್ಲಿ ತನ್ನ ಕಾರ್ಖಾನೆಯನ್ನು ತೆರೆದುದು ಇದೇ ಡಮ್ ಡಮ್‌ನಲ್ಲಿ. ದೇಶದ ಎಷ್ಟೋ ಮಹಾಗಾಯಕರ ಕಂಠವು ಇಲ್ಲಿಯೇ ತಟ್ಟೆಗಳ ಮೇಲೆ ಅಚ್ಚಾಯಿತು. ಆ ತಟ್ಟೆಗಳ ಉಪಕಾರವನ್ನು ಸ್ಮರಿಸುತ್ತಲೇ ಹೇಳಬೇಕಾದ ಮಾತೆಂದರೆ, ಅಚ್ಚಾದ ಕಂಠವು ಕಾಯುವುದನ್ನರಿಯದು. ಮೂರು ವರ್ಷದ ಮಗುವೊಂದು ಕಥೆಯ ನಡುವೆ ಎದ್ದುನಿಂತು ತನ್ನ ಮನೆಯ ಬೆಕ್ಕಿನ ಸಮಾಚಾರವನ್ನು ಹೇಳತೊಡಗಿದಾಗ, ಅದನ್ನು ಕೇಳಿಸಿಕೊಂಡು, ಆ ಬೆಕ್ಕನ್ನೂ ಕಥೆಯೊಳಕ್ಕೆ ಕರೆದುಕೊಂಡು ಮುಂದುವರಿಯುವ ಶಕ್ತಿ ಎದುರಿಗಿರುವ ಮನುಷ್ಯನಿಗೆ ಮಾತ್ರ ಉಂಟು. ನಾವು ಮಾಡುವ ಪೆಟ್ಟಿಗೆಯು ಹೀಗೆ ನಿಲ್ಲುವುದಕ್ಕೂ ಹಿಂದಿರುಗುವುದಕ್ಕೂ ಎಡೆಗೊಡುವಂತಿರಬೇಕು.

ಕಥೆಯ ಆಯ್ಕೆಯಲ್ಲಿ ಅವಸರ ಕೂಡದು. ಹಲಗೆಯನ್ನು ಕೊಯ್ಯುವ ಮುನ್ನವೇ ಕಥೆಯು ನಿಶ್ಚಯವಾಗಿರಬೇಕು, ಏಕೆಂದರೆ ಸಾಧನದ ಆಕಾರವು ಕಥೆಯ ನಡಿಗೆಯಿಂದ ಹುಟ್ಟತಕ್ಕುದು. ಬಂಗಾಳಿಯಲ್ಲಿ ಇದಕ್ಕೆ ಹೇಳಿಮಾಡಿಸಿದ ಒಂದು ಕಥೆಯಿದೆ. ಸತ್ಯಜಿತ್ ರಾಯರ ಅಜ್ಜ, ಚಿತ್ರಕಾರರೂ ಮುದ್ರಣತಜ್ಞರೂ ಆಗಿದ್ದ ಉಪೇಂದ್ರಕಿಶೋರ ರಾಯ್‌ಚೌಧುರಿಯವರು 1910ರಲ್ಲಿ ‘ಟುನ್‌ಟುನಿರ್ ಬೊಯಿ’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಟುನ್‌ಟುನಿ ಎಂದರೆ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಪುಟ್ಟ ಸಿಂಪಿಗ ಹಕ್ಕಿ. ಅದರಲ್ಲಿನ ಒಂದು ಕಥೆ ಹೀಗಿದೆ: ಬದನೆಯ ಗಿಡದ ಮೇಲೆ ಕುಣಿಯುತ್ತಿದ್ದ ಟುನ್‌ಟುನಿಗೆ ಮುಳ್ಳು ಚುಚ್ಚಿ ಹುಣ್ಣಾಗುತ್ತದೆ, ಕ್ಷೌರಿಕನ ಬಳಿಗೆ ಹೋಗಿ ಹುಣ್ಣನ್ನು ಕೊಯ್ದುಕೊಡೆಂದರೆ ಅವನು ಒಲ್ಲೆನೆನ್ನುತ್ತಾನೆ, ಅವನನ್ನು ದಂಡಿಸೆಂದು ರಾಜನನ್ನು ಬೇಡಿದರೆ ಅವನೂ ಒಲ್ಲ, ರಾಜನ ಹೊಟ್ಟೆಯನ್ನು ಕಚ್ಚೆಂದು ಇಲಿಯನ್ನು, ಇಲಿಯನ್ನು ಹಿಡಿಯೆಂದು ಬೆಕ್ಕನ್ನು, ಬೆಕ್ಕನ್ನು ಹೊಡೆಯೆಂದು ದೊಣ್ಣೆಯನ್ನು, ದೊಣ್ಣೆಯನ್ನು ಸುಡೆಂದು ಬೆಂಕಿಯನ್ನು, ಬೆಂಕಿಯನ್ನು ಆರಿಸೆಂದು ಸಮುದ್ರವನ್ನು, ಸಮುದ್ರವನ್ನು ಕುಡಿಯೆಂದು ಆನೆಯನ್ನು ಕೇಳಿಕೊಂಡು, ಎಲ್ಲರಿಂದಲೂ ಇಲ್ಲವೆನ್ನಿಸಿಕೊಂಡು, ಕೊನೆಗೆ ಸೊಳ್ಳೆಯ ಬಳಿಗೆ ಬರುತ್ತದೆ. ಸೊಳ್ಳೆ ಒಪ್ಪುತ್ತದೆ. ಸೊಳ್ಳೆಯ ದಂಡು ಬಂದೊಡನೆ ಆನೆ ಸಮುದ್ರದ ಕಡೆಗೆ ತಿರುಗುತ್ತದೆ, ಸಮುದ್ರ ಬೆಂಕಿಯ ಕಡೆಗೆ, ಬೆಂಕಿ ದೊಣ್ಣೆಯ ಕಡೆಗೆ. ಹೀಗೆ ಸರಪಣಿಯೆಲ್ಲವೂ ಹಿಂದುಮುಂದಾಗಿ ಓಡಿ, ಕ್ಷೌರಿಕನು ಕೈಮುಗಿದು ಕತ್ತಿಯನ್ನು ಎತ್ತಿಕೊಳ್ಳುತ್ತಾನೆ. ಪಕ್ಷಿಗಳಿಗೆ ಮಲೇರಿಯಾ ಸೊಳ್ಳೆಯಿಂದ ತಗಲುವುದೆಂದು ರೊನಾಲ್ಡ್ ರಾಸ್ 1898ರಲ್ಲಿ ಸಿದ್ಧಪಡಿಸಿದುದು ಇದೇ ಕಲ್ಕತ್ತಾದಲ್ಲಿ; ಅದೇ ನಾಡಿನ ಕಥೆಯಲ್ಲಿ ಹಕ್ಕಿಗೆ ನೆರವಾದ ಒಬ್ಬನೇ ಮಿತ್ರನು ಸೊಳ್ಳೆಯೆಂಬುದು ವಿನೋದದ ಸಂಗತಿ.

ಈ ಕಥೆಯು ಎಳೆಯರಿಗೆ ಏಕೆ ಒಪ್ಪುತ್ತದೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎರಡು ವರ್ಷದ ಮಗುವಿಗೆ ಜಗತ್ತಿನಲ್ಲಿ ಅತ್ಯಂತ ಪ್ರಿಯವಾದ ಮಾತು ‘ಒಲ್ಲೆ’ ಎಂಬುದು. ಅನ್ನಕ್ಕೆ ಒಲ್ಲೆ, ಸ್ನಾನಕ್ಕೆ ಒಲ್ಲೆ, ನಿದ್ರೆಗೆ ಒಲ್ಲೆ. ಆ ಮಾತನ್ನು ಎಂಟು ಸಲ ಗಟ್ಟಿಯಾಗಿ ಕೂಗುವುದಕ್ಕೆ ಯಾರ ಗದರಿಕೆಯೂ ಇಲ್ಲದ ಅವಕಾಶವನ್ನು ಈ ಕಥೆ ಕೊಡುತ್ತದೆ. ಪ್ರತಿಯೊಂದು ಚೌಕದಲ್ಲಿಯೂ ಒಂದೇ ಪ್ರಶ್ನೆ, ಒಂದೇ ಉತ್ತರ. ಆದುದರಿಂದ ಭಾಷೆ ತಿಳಿಯದ ಮಗುವೂ ಮೂರನೆಯ ಚೌಕದ ಹೊತ್ತಿಗೆ ಕಥೆಯೊಳಗೆ ಸೇರಿಬಿಡುತ್ತದೆ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದ ಗಿಜುಭಾಯಿ ಬಧೇಕಾ ಅವರು ಗುಜರಾತಿಯಲ್ಲಿ ಮಕ್ಕಳಿಗಾಗಿ ಮತ್ತೆ ಹೇಳಿದ ಜನಪದ ಕಥೆಗಳಲ್ಲಿಯೂ ಈ ಪುನರಾವೃತ್ತಿಯ ಸೊಗಸು ತುಂಬಿದೆ. ಇನ್ನೊಂದು ಕಾರಣವೂ ಉಂಟು: ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಆದ ಕಥೆಗಳು ವಿರಳ. ಮುಂದಕ್ಕೆ ಸುತ್ತಿದ ಸುರುಳಿಯನ್ನು ಹಿಂದಕ್ಕೆ ಸುತ್ತಿದರೆ ಕಥೆಯ ಉತ್ತರಾರ್ಧವು ಅದೇ ಚಿತ್ರಗಳಿಂದ ನಡೆದುಹೋಗುತ್ತದೆ.

ಹೀಗೆ ಕಥೆಯಿಂದಲೇ ಪೆಟ್ಟಿಗೆಯ ಲಕ್ಷಣ ನಿರ್ಣಯವಾಯಿತು. ಪಟುವಾಗಳ ಸುರುಳಿ ಮೇಲಿನಿಂದ ಕೆಳಕ್ಕೆ ಬಿಚ್ಚುವಂಥದು, ಅದಕ್ಕೆ ಎರಡು ಕೈಗಳೂ ಬೇಕು. ಒಬ್ಬಳು ಮಾಶಿಯ ಮಡಿಲಲ್ಲಿ ಒಂದು ಕೂಸು ಸದಾ ಇರುವ ಮನೆಯಲ್ಲಿ ಅದು ನಡೆಯದು. ನಮ್ಮ ಸುರುಳಿಯು ಪೆಟ್ಟಿಗೆಯೊಳಗೆ ಎರಡು ನಿಲುವುಗೋಲುಗಳ ನಡುವೆ ಅಡ್ಡಲಾಗಿ ಚಲಿಸಲಿ, ಒಂದೇ ಕೈಯಿಂದ ತಿರುಗಲಿ. ಅರ್ಧ ಅಂಗುಲ ದಪ್ಪದ ಪ್ಲೈವುಡ್ಡಿನಿಂದ 24 ಅಂಗುಲ ಅಗಲ, 15 ಅಂಗುಲ ಎತ್ತರದ ಪೆಟ್ಟಿಗೆಯನ್ನು ಬಡಗಿಯಿಂದ ಮಾಡಿಸಿ, ಮುಂಬದಿಯಲ್ಲಿ 14 ಅಂಗುಲ ಅಗಲ, 11 ಅಂಗುಲ ಎತ್ತರದ ಕಿಟಕಿಯನ್ನು ಕೊರೆಯಿಸಬೇಕು. ಬಟ್ಟೆಯೆಲ್ಲವೂ ಒಂದೇ ಕೋಲಿಗೆ ಸುತ್ತಿಕೊಂಡಾಗ ಸುರುಳಿಯು ಸುಮಾರು ಮೂರು ಅಂಗುಲ ದಪ್ಪವಾಗುತ್ತದೆ. ಆದುದರಿಂದ ಪೆಟ್ಟಿಗೆಯ ಒಳ ಆಳ ನಾಲ್ಕು ಅಂಗುಲಕ್ಕೆ ಕಡಿಮೆಯಾಗಕೂಡದು. ಈ ಲೆಕ್ಕವನ್ನು ಮರೆತು ಅಂದವಾದ ತೆಳುಪೆಟ್ಟಿಗೆಯನ್ನು ಮಾಡಿಸಿದರೆ ಆನೆಯ ಚೌಕ ಬರುವಷ್ಟರಲ್ಲಿ ಸುರುಳಿಯು ಹಲಗೆಗೆ ಉಜ್ಜಿ ನಿಂತುಬಿಡುತ್ತದೆ. ಕೋಲುಗಳು ಒಂದು ಅಂಗುಲ ದಪ್ಪದ ದುಂಡನೆಯ ಮರದವು. ಮೇಲ್ತುದಿಯು ಪೆಟ್ಟಿಗೆಯ ಮೇಲ್ಹಲಗೆಯನ್ನು ದಾಟಿ ಬಂದು ಹಿಡಿಕೆಯಾಗಲಿ, ಕೆಳತುದಿಯಲ್ಲಿ ಒಂದು ದುಂಡು ಬಿಲ್ಲೆಯನ್ನು ತೊಡಿಸಿದರೆ ಬಟ್ಟೆ ಜಾರಿ ಕೆಳಕ್ಕೆ ಇಳಿಯದು. ಕೋಲು ತೀರ ಸಲೀಸಾಗಿ ತಿರುಗಿದರೆ ಸುರುಳಿ ತಾನೇ ಸಡಿಲಗೊಂಡು ಚಿತ್ರವು ಜೋಲುತ್ತದೆ. ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಒಂದು ಉಂಗುರವನ್ನು ಕೋಲು ಹಲಗೆಯನ್ನು ದಾಟುವ ಜಾಗದಲ್ಲಿ ಬಿಗಿಯಾಗಿ ತೊಡಿಸಿದರೆ ಬೇಕಾದಷ್ಟು ತಡೆ ದೊರೆಯುತ್ತದೆ.

ಸುರುಳಿಗೆ ಕಾಗದವನ್ನು ನಾನು ಒಪ್ಪುವುದಿಲ್ಲ. ಡಮ್ ಡಮ್‌ನ ಆಷಾಢ ಶ್ರಾವಣಗಳಲ್ಲಿ ಗಾಳಿಯೇ ನೀರಾಗಿರುವಾಗ ಕಾಗದವು ಸೊರಗಿ, ಅಂಟು ಬಿಟ್ಟು, ಬೂಸಲು ಹಿಡಿಯುತ್ತದೆ; ಹಳೆಯ ರಟ್ಟುಕಟ್ಟುವವರು ಹುಳು ಬೀಳದಿರಲೆಂದು ಮೈದಾ ಅಂಟಿಗೆ ಮೈಲುತುತ್ತವನ್ನು ಬೆರೆಸುವ ಪದ್ಧತಿಯಿದೆ, ಆದರೆ ಅದು ವಿಷ; ಎಲ್ಲವನ್ನೂ ಬಾಯಿಗಿಡುವ ಕೂಸುಗಳ ಸಮೀಪಕ್ಕೆ ಅದನ್ನು ತರಕೂಡದು. ಒಂದು ಹಳೆಯ ಬಿಳಿಯ ಹತ್ತಿಯ ಸೀರೆ ಸಾಕು. ಬಂಗಾಳದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಕಾಂಥಾ ಹೊಲಿಯುತ್ತಾರೆ, ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಅದೇ ರೀತಿಯಾಗಿ ಕೌದಿ. ಆ ಕೈಗಳಿಗೆ ಈ ಕೆಲಸ ಹೊಸದಲ್ಲ. ಒಂಬತ್ತು ಚೌಕಗಳು, ಒಂದೊಂದೂ 14 ಅಂಗುಲ, ನಡುನಡುವೆ ಮೂರು ಮೂರು ಅಂಗುಲ ಬರಿಯ ಬಟ್ಟೆ, ಎರಡು ತುದಿಗಳಲ್ಲಿ ಕೋಲಿಗೆ ಸುತ್ತುವುದಕ್ಕೆ ಒಂದೊಂದು ತುದಿಗೂ ಒಂದೂವರೆ ಅಡಿಯಷ್ಟು ಹೆಚ್ಚುವರಿ. ಒಟ್ಟು ಹದಿನೈದೂವರೆ ಅಡಿ. ಐದು ಮೀಟರಿಗೂ ಮೀರಿದ ಸೀರೆಯ ಉದ್ದದಲ್ಲಿ ಇದು ಜೋಡಣೆಯಿಲ್ಲದೆ ಹಿಡಿಸುತ್ತದೆ. ಅಗಲವನ್ನು ಎರಡು ಸಲ ಮಡಿಸಿ ಸುಮಾರು 12 ಅಂಗುಲದ ಪಟ್ಟಿಯನ್ನು ಮಾಡಿಕೊಂಡು, ಅದರ ಮೇಲೆ ಬಣ್ಣದ ಬಟ್ಟೆಯ ತುಂಡುಗಳನ್ನೇ ಆಕೃತಿಗಳಾಗಿ ಕತ್ತರಿಸಿ ಹೊಲಿಯಬೇಕು. ಅಂಚಿಗೆ ಕಪ್ಪು ದಾರದಿಂದ ದಪ್ಪನಾದ ಸರಪಣಿ ಹೊಲಿಗೆ. ಬಣ್ಣ ಬಳಿದರೆ ಸುತ್ತಿ ಬಿಚ್ಚುವಾಗ ಬಿರಿಯುತ್ತದೆ. ಹೊಲಿದುದಾದರೆ ಬಿರಿಯುವ ಭಯವಿಲ್ಲ, ಮೈಲಿಗೆಯಾದಾಗ ಕೋಲಿನಿಂದ ಬಿಚ್ಚಿ ಒಗೆಯಲೂಬಹುದು.

ಚಿತ್ರವನ್ನು ತುಂಬಿಬಿಡಬೇಕೆಂಬ ಆಸೆಯನ್ನು ಹತ್ತಿಕ್ಕುವುದು ಕಠಿನ. ಕ್ಷೌರಿಕನ ಹಿಂದೆ ಒಂದು ಮರ, ಮರದ ಮೇಲೊಂದು ಕಾಗೆ, ರಾಜನ ಹಿಂದೆ ಅರಮನೆ, ಕಾವಲುಗಾರರು, ಛತ್ರಚಾಮರ ಎಂದು ಕಲಾಭಿರುಚಿಯುಳ್ಳವರ ಕೈ ತುರಿಸುತ್ತದೆ. ಚೌಕಕ್ಕೆ ಒಂದೇ ಆಕೃತಿಯಿರಲಿ, ಅದರ ಮುಖವು ದೊಡ್ಡವರ ಅಂಗೈಯಗಲಕ್ಕೆ ಕಡಿಮೆಯಾಗದಿರಲಿ, ಹಿಂದೆ ಬರಿಯ ಬಿಳಿಯಿರಲಿ. ಎಂಟು ಅಡಿಗಳಾಚೆ ಕುಳಿತ ಮಗುವಿಗೂ ಅದು ಇಲಿಯೋ ಬೆಕ್ಕೋ ಎಂಬುದು ಕ್ಷಣಾರ್ಧದಲ್ಲಿ ತಿಳಿಯಬೇಕು. ರಾಜನಿಗೆ ಕಿರೀಟವೂ ಹೊಟ್ಟೆಯೂ ಸಾಕು. ಹೊಟ್ಟೆಯನ್ನು ಮಾತ್ರ ಧಾರಾಳವಾಗಿ ಕತ್ತರಿಸಬೇಕು, ಇಲಿಗೆ ಅದರ ಆವಶ್ಯಕತೆಯಿದೆ.

ಆಕೃತಿಗಳು ಯಾವ ಕಡೆಗೆ ಮುಖ ಮಾಡಿರಬೇಕೆಂಬುದು ಇಡೀ ವಿನ್ಯಾಸದಲ್ಲಿ ಅತ್ಯಂತ ಸೂಕ್ಷ್ಮವಾದ ಅಂಶ. ಸುರುಳಿಯನ್ನು ಬಲದಿಂದ ಎಡಕ್ಕೆ ಎಳೆದಾಗ ಹೊಸ ಚೌಕವು ಬಲಗಡೆಯಿಂದ ಕಿಟಕಿಯನ್ನು ಪ್ರವೇಶಿಸುತ್ತದೆ. ಹಕ್ಕಿಯಾದರೋ ಎಡಗಡೆಯಿಂದ, ಹಿಂದಿನ ಚೌಕವನ್ನು ದಾಟಿ ಬರುತ್ತದೆ. ಆದುದರಿಂದ ಎಲ್ಲರೂ ಎಡಕ್ಕೆ ಮುಖ ಮಾಡಿರಲಿ. ಹೋಗುವಾಗ ಅವರು ಬೇಡಿ ಬಂದ ಹಕ್ಕಿಯನ್ನು ಎದುರಿಸಿ ಒಲ್ಲೆನೆನ್ನುತ್ತಾರೆ. ಸುರುಳಿ ಹಿಂದಕ್ಕೆ ತಿರುಗಿದಾಗ ಅದೇ ಮುಖಗಳು ಎಡಗಡೆಯಿರುವ ತಂತಮ್ಮ ಶತ್ರುವಿನ ಮೇಲೆ ಏರಿಹೋಗುತ್ತಿರುವಂತೆ ಕಾಣುತ್ತವೆ. ಆನೆಯ ಸೊಂಡಿಲು ಎಡಕ್ಕೆ ಚಾಚಿರಲಿ, ಸಮುದ್ರದ ತೆರೆ ಎಡಕ್ಕೆ ಬಾಗಿರಲಿ, ಜ್ವಾಲೆ ಎಡಕ್ಕೆ ವಾಲಿರಲಿ, ದೊಣ್ಣೆಯೂ ಎಡಕ್ಕೇ ಓರೆಯಾಗಿರಲಿ.

ಟುನ್‌ಟುನಿಯನ್ನು ಸುರುಳಿಯ ಮೇಲೆ ಎಲ್ಲಿಯೂ ಚಿತ್ರಿಸಬೇಡಿ. ಮೊದಲ ಚೌಕದಲ್ಲಿ ಬದನೆಯ ಗಿಡ ಮಾತ್ರವಿರಲಿ. ಒಂದೂವರೆ ಅಡಿಯ, ತುದಿ ದುಂಡಾದ ಬಿದಿರಿನ ಕೋಲಿನ ಮೇಲೆ ಹತ್ತಿ ತುಂಬಿದ ಬಟ್ಟೆಯ ಹಕ್ಕಿಯೊಂದನ್ನು ಕಟ್ಟಿ ಹೊಲಿದರೆ, ಬಾಣನ ಯಮಪಟ್ಟಿಕನ ಕಡ್ಡಿಯೂ ಕಥಾನಾಯಿಕೆಯೂ ಒಂದೇ ಆದಂತಾಯಿತು. ಹೇಳುವವಳು ಕೋಲನ್ನು ಎತ್ತಿದರೆ ಹಕ್ಕಿ ಹಾರಿತು, ಚಿತ್ರದ ಕಿವಿಯ ಬಳಿಗೆ ಒಯ್ದರೆ ಗುಟ್ಟು ಹೇಳಿತು, ತಲೆ ಬಾಗಿಸಿದರೆ ನಿರಾಶೆಗೊಂಡಿತು. ಈ ಕೋಲು ಹೇಳುವವರ ಕೈಯಲ್ಲಿಯೇ ಇರಬೇಕು, ಮಕ್ಕಳಿಗೆ ಕೊಡತಕ್ಕುದಲ್ಲ. ಕಣ್ಣಿನ ಭಯ ಒಂದು, ಎಲ್ಲರೂ ಹಕ್ಕಿಯೇ ಆಗಬೇಕೆಂದು ಹಟ ಹಿಡಿಯುವ ಭಯ ಇನ್ನೊಂದು.

ಸೊಳ್ಳೆಯೂ ಸುರುಳಿಯ ಮೇಲಿಲ್ಲ. ಹರಿದ ಸೊಳ್ಳೆಪರದೆಯ ತುಂಡುಗಳಿಂದಲೇ ರೆಕ್ಕೆಗಳನ್ನು ಮಾಡಿ, ಕಪ್ಪು ಬಟ್ಟೆಯ ಒಡಲನ್ನು ಹೊಲಿದು, ಮಣಿಕಟ್ಟಿಗೆ ತೊಡಿಸುವ ಸಡಿಲವಾದ ಬಟ್ಟೆಯ ಪಟ್ಟಿಗೆ ಅದನ್ನು ಸೇರಿಸಿ, ಮಗುವಿಗೊಂದರಂತೆ ಸೊಳ್ಳೆಯನ್ನು ಕೊಡಬೇಕು. ಕಥೆಯುದ್ದಕ್ಕೂ ಸೊಳ್ಳೆಗಳು ಮಡಿಲಲ್ಲಿ ಮಲಗಿರುತ್ತವೆ; ಕರೆ ಬಂದಾಗ ಮಾತ್ರ ಎದ್ದು ಗುಂಯ್ಗುಡುತ್ತವೆ. ಇದರಿಂದ ಎರಡು ಪ್ರಯೋಜನಗಳಿವೆ. ಕಥೆಯ ಗಂಟನ್ನು ಬಿಡಿಸುವ ಪಾತ್ರವು ಮಕ್ಕಳದಾಗುತ್ತದೆ, ಅವರು ಬರದಿದ್ದರೆ ಆನೆ ಅಲ್ಲಾಡುವುದಿಲ್ಲ. ಎರಡನೆಯದು ಹೇಳುವವರಿಗೆ ಬಹಳ ಉಪಯುಕ್ತವಾದುದು: ಸೊಳ್ಳೆಗೆ ಸುರುಳಿಯಲ್ಲಿ ಸ್ಥಾನ ನಿಶ್ಚಿತವಾಗಿಲ್ಲದ್ದರಿಂದ ಅದನ್ನು ಯಾವ ಚೌಕದಲ್ಲಿ ಬೇಕಾದರೂ ಕರೆಯಬಹುದು. ಎರಡೂವರೆ ವರ್ಷದವರ ಗುಂಪು ಬೆಕ್ಕಿನ ಹೊತ್ತಿಗೆ ಆಕಳಿಸತೊಡಗಿದರೆ, ಸೊಳ್ಳೆಯು ಬೆಕ್ಕನ್ನೇ ಕಚ್ಚಲಿ, ಸುರುಳಿ ಅಲ್ಲಿಂದಲೇ ಹಿಂದಿರುಗಲಿ, ಕಥೆ ಪೂರ್ಣವಾಗಿಯೇ ಮುಗಿಯುತ್ತದೆ. ನಾಲ್ಕು ವರ್ಷದವರಾದರೆ ಆನೆಯವರೆಗೂ ಹೋಗೋಣ. ಒಂದೇ ಸುರುಳಿ, ಉದ್ದ ಮಾತ್ರ ಕೇಳುವವರ ತಾಳ್ಮೆಗೆ ತಕ್ಕಷ್ಟು.

ಪೆಟ್ಟಿಗೆಯನ್ನು ಮೇಜಿನ ಮೇಲಿಡುವುದು ಸಾಮಾನ್ಯವಾದ ಪ್ರಮಾದ. ನೆಲದ ಮೇಲೆ ಕುಳಿತ ಮೂರು ವರ್ಷದ ಮಗುವಿನ ಕಣ್ಣು ನೆಲದಿಂದ ಒಂದೂವರೆ ಅಡಿಯ ಆಸುಪಾಸಿನಲ್ಲಿರುತ್ತದೆ. ಕಿಟಕಿಯ ನಡುಭಾಗವೂ ಅಷ್ಟೇ ಎತ್ತರದಲ್ಲಿರಬೇಕಾದರೆ ಒಂದಡಿಯೆತ್ತರದ ಗಟ್ಟಿಯಾದ ಮಣೆ ಸಾಕು. ಹೇಳುವವರು ಪೆಟ್ಟಿಗೆಯ ಹಿಂದೆ ಅಡಗದೆ ಪಕ್ಕದಲ್ಲಿ ಕೂರಬೇಕು. 1930ರ ದಶಕದಲ್ಲಿ ಜಪಾನಿನ ಬೀದಿಗಳಲ್ಲಿ ಸೈಕಲ್ಲಿನ ಮೇಲೆ ಮಿಠಾಯಿ ಮಾರುತ್ತ ‘ಕಾಮಿಶಿಬಾಯಿ’ ಎಂಬ ಕಾಗದದ ಚಿತ್ರನಾಟಕವನ್ನು ತೋರುತ್ತಿದ್ದವರೂ ಮರದ ಚೌಕಟ್ಟಿನ ಪಕ್ಕದಲ್ಲಿಯೇ ನಿಲ್ಲುತ್ತಿದ್ದರು. ಚಿತ್ರವನ್ನು ನೋಡುವ ಮಕ್ಕಳ ಮುಖವನ್ನು ತಾವು ನೋಡದೆ ಅವರ ಕಸುಬು ನಡೆಯುತ್ತಿರಲಿಲ್ಲ. ಈಗ ಅಚ್ಚಾಗಿ ಬರುವ ಕಾಮಿಶಿಬಾಯಿಗಳಲ್ಲಿ ಹಾಳೆಯ ಬೆನ್ನಿಗೆ ಓದಬೇಕಾದ ಮಾತುಗಳಿರುತ್ತವೆ. ನಮ್ಮ ಪೆಟ್ಟಿಗೆಯ ಬೆನ್ನಿನಲ್ಲಿ ಅಕ್ಷರಗಳು ಬೇಡ. ಕ್ರಮವನ್ನು ಮರೆಯುವವರಿಗಾಗಿ ಮೇಲ್ಹಲಗೆಯ ಹಿಂದಂಚಿನಲ್ಲಿ ಒಂಬತ್ತು ಪುಟ್ಟ ಗುರುತುಗಳನ್ನು ಪೆನ್ಸಿಲಿನಿಂದ ಬರೆದಿಟ್ಟರಾಯಿತು. ಅಕ್ಷರವಿಲ್ಲದ ಸುರುಳಿಗೆ ಯಾವ ಭಾಷೆಯಾದರೂ ಒಗ್ಗುತ್ತದೆ. ದಿದಿಮಣಿ ಬಂಗಾಳಿಯಲ್ಲಿ ಹೇಳಲಿ, ಬಿಹಾರದಿಂದ ಬಂದ ಮಾಶಿ ಹಿಂದಿಯಲ್ಲಿ ಹೇಳಲಿ, ನೌಕರಿಯ ನಿಮಿತ್ತ ಇಲ್ಲಿ ನೆಲೆಸಿದ ಕನ್ನಡದ ತಾಯಿಯೊಬ್ಬಳು ಮಗುವನ್ನು ಕರೆದೊಯ್ಯಲು ಬಂದವಳು ಹತ್ತು ನಿಮಿಷ ಕುಳಿತು ಕನ್ನಡದಲ್ಲಿಯೇ ಹೇಳಲಿ. ‘ನಾ’, ‘ನಹೀಂ’, ‘ಒಲ್ಲೆ’ ಎಂದು ಮೂರು ಬಗೆಯಲ್ಲಿ ಕೂಗುವುದನ್ನು ಕಲಿತ ಮಕ್ಕಳಿಗೆ ನಷ್ಟವೇನೂ ಇಲ್ಲ, ಕಷ್ಟವೆಲ್ಲ ಮನೆಯವರಿಗೆ.

ಈ ಕಥೆಯನ್ನು ಯಾವ ಹೊತ್ತಿನಲ್ಲಿ ಹೇಳಬೇಕೆಂಬುದಕ್ಕೆ ಉಪೇಂದ್ರಕಿಶೋರರೇ ದಾರಿ ತೋರಿದ್ದಾರೆ. ಸಂಜೆಯಲ್ಲಿ ಊಟಮಾಡದೆಯೇ ನಿದ್ರೆಗೆ ಜಾರುವ ಮಕ್ಕಳನ್ನು ಎಚ್ಚರವಾಗಿರಿಸುವುದಕ್ಕಾಗಿ ಪೂರ್ವಬಂಗಾಳದ ಕೆಲವೆಡೆ ಹೆಂಗಸರು ಹೇಳುತ್ತಿದ್ದ ಕಥೆಗಳು ಇವು ಎಂದು ಅವರು ಮುನ್ನುಡಿಯಲ್ಲಿ ತಿಳಿಸಿದ್ದಾರೆ. ಆದುದರಿಂದ ಮಧ್ಯಾಹ್ನದ ನಿದ್ರೆಗೆ ಮುನ್ನ ಟುನ್‌ಟುನಿಯನ್ನು ಕರೆಯುವುದು ಅವಿವೇಕ. ಮಲಗಿ ಎದ್ದ ಮೇಲೆ, ಮನೆಯವರು ಬರುವ ಹಾದಿಯನ್ನು ನೋಡುತ್ತ ಮಕ್ಕಳು ಮಂಕಾಗುವ ಆ ಇಳಿಹೊತ್ತೇ ತಕ್ಕ ಸಮಯ. ಹತ್ತಕ್ಕಿಂತ ಹೆಚ್ಚು ಮಕ್ಕಳನ್ನು ಒಮ್ಮೆಗೆ ಕೂರಿಸದಿದ್ದರೆ ಒಳ್ಳೆಯದು. ಕಥೆಯ ನಡುವೆ ತಲೆಯ ಮೇಲೆ ವಿಮಾನ ಹಾದುಹೋದರೆ ಅದರ ಸದ್ದಿನೊಡನೆ ಪೈಪೋಟಿ ಮಾಡಬಾರದು. ಹಕ್ಕಿಯನ್ನು ಕೋಲಿನೊಡನೆ ಮೇಲಕ್ಕೆತ್ತಿ ಆಕಾಶವನ್ನು ನೋಡಿಸಿ, ಸದ್ದು ಕಳೆದ ಮೇಲೆ ಬಿಟ್ಟ ಚೌಕದಿಂದ ಹೊರಡಬೇಕು.

ಸುರಕ್ಷತೆಯ ವಿಷಯ ಬೇಸರದ್ದಾದರೂ ಬಿಡುವಂಥದಲ್ಲ. ಮಾರಾಟದ ಆಟಿಕೆಗಳಿಗೆ 2021ರ ಜನವರಿ 1ರಿಂದ ಭಾರತೀಯ ಮಾನಕದ ಗುರುತು ಕಡ್ಡಾಯವಾಗಿದೆ. ಮನೆಯಲ್ಲಿ ಮಾಡಿಕೊಂಡುದಕ್ಕೆ ಮುದ್ರೆ ಬೇಕಿಲ್ಲ, ಆದರೆ ಆ ನಿಯಮಗಳ ಹಿಂದಿನ ವಿವೇಕ ಬೇಕು. ಮೂರು ವರ್ಷದೊಳಗಿನವರ ಕೈಗೆ ಸಿಗುವ ಯಾವ ಬಿಡಿಭಾಗವೂ ಸುಮಾರು 32 ಮಿಲಿಮೀಟರ್ ವ್ಯಾಸದ ರಂಧ್ರದಲ್ಲಿ ತೂರುವಷ್ಟು ಚಿಕ್ಕದಾಗಿರಬಾರದು, ಏಕೆಂದರೆ ಅಷ್ಟು ಚಿಕ್ಕದು ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲುದು. ಹೀಗಾಗಿ ಹಕ್ಕಿಗೂ ಸೊಳ್ಳೆಗೂ ಗುಂಡಿ, ಮಣಿ, ಮಿಂಚುಬಿಲ್ಲೆಗಳ ಕಣ್ಣು ಬೇಡ, ದಾರದಿಂದ ಕಸೂತಿ ಮಾಡಿದ ಕಣ್ಣೇ ಇರಲಿ. ಕೈಪಟ್ಟಿಗಳಲ್ಲಿ ಜೋತುಬಿದ್ದ ಉದ್ದನೆಯ ದಾರವಿರಕೂಡದು. ಪೆಟ್ಟಿಗೆಯನ್ನು ಮರಳುಕಾಗದದಿಂದ ಚೆನ್ನಾಗಿ ಉಜ್ಜಿ ಬಣ್ಣವಿಲ್ಲದೆ ಬಿಡುವುದೇ ಉತ್ತಮ; ಬಳಿಯಲೇಬೇಕೆಂದರೆ ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90ನ್ನು ಮೀರಬಾರದೆಂಬ ಕಾನೂನು 2017ರಿಂದ ಜಾರಿಯಲ್ಲಿರುವುದರಿಂದ, ಡಬ್ಬಿಯ ಮೇಲೆ ಆ ಘೋಷಣೆಯನ್ನು ನೋಡಿ ಕೊಳ್ಳಬೇಕು, ಮೂಲೆಯಲ್ಲಿ ಉಳಿದ ಹಳೆಯ ಡಬ್ಬಿಯನ್ನು ಮುಟ್ಟಬಾರದು. ಹಿಡಿಕೆಯನ್ನು ತಿರುಗಿಸುವುದಕ್ಕೆ ಮಕ್ಕಳು ಮುಗಿಬೀಳುತ್ತಾರೆ, ಬೀಳಲಿ; ದಿನಕ್ಕೊಬ್ಬರಂತೆ ಸರದಿಯಿಟ್ಟರೆ ಸುರುಳಿಯೂ ಬಾಳುತ್ತದೆ, ಜಗಳವೂ ಒಂದು ಮಿತಿಯಲ್ಲಿರುತ್ತದೆ. ವಾರದ ಕೊನೆಗೆ ಸುರುಳಿಯನ್ನು ಪೂರ್ತಿಯಾಗಿ ಬಿಚ್ಚಿ ಬಿಸಿಲಿಗೆ ಹಾಕುವುದನ್ನು ಮಳೆಗಾಲದಲ್ಲಿ ತಪ್ಪಿಸಬಾರದು.

ಕರ್ನಾಟಕದ ಅಂಗನವಾಡಿಯವರಿಗೂ ಈ ಪೆಟ್ಟಿಗೆ ಸಲ್ಲುತ್ತದೆ. 1975ರಲ್ಲಿ ದೇಶದ ಮೂವತ್ಮೂರು ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾದಾಗ ಅವುಗಳಲ್ಲೊಂದು ನಮ್ಮ ಟಿ. ನರಸೀಪುರವಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಎಲ್ಲ ಕಥೆಗಳನ್ನೂ ಸುರುಳಿಗೆ ಸುತ್ತಲು ಹೋಗಬಾರದು. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ನೋಡಿ: ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಗುಬ್ಬಕ್ಕನ ಬಾಗಿಲನ್ನು ಬಡಿಯುತ್ತಾಳೆ, ಮಗುವಿಗೆ ನೀರೆರೆಯುತ್ತಿದ್ದೇನೆ ತಾಳು, ಬಟ್ಟೆ ತೊಡಿಸುತ್ತಿದ್ದೇನೆ ತಾಳು ಎಂದು ಒಳಗಿನಿಂದ ಉತ್ತರ ಬರುತ್ತಿರುತ್ತದೆ. ಇಲ್ಲಿ ಯಾರೂ ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ; ಕಥೆಯೆಲ್ಲವೂ ಒಂದು ಬಾಗಿಲಿನ ಎರಡು ಬದಿಗಳಲ್ಲಿದೆ. ಇದಕ್ಕೆ ಬೇಕಾದುದು ಒಂದೂವರೆ ಅಡಿಯೆತ್ತರದ, ಒಂದೇ ಬಾಗಿಲುಳ್ಳ ಮರದ ಪುಟ್ಟ ಮನೆ, ಬಡಿದರೆ ಸದ್ದಾಗುವ ಟೊಳ್ಳುಹಲಗೆ, ಹಾಗೂ ಒಳಗೊಂದು ಅಗುಳಿ. ಕಾಗೆಯ ಗೊಂಬೆಯೊಡನೆ ಹೇಳುವವರು ಹೊರಗೆ ಕೂರಲಿ; ಮನೆಯ ಹಿಂಗೋಡೆಯನ್ನು ಪೂರ್ತಿಯಾಗಿ ತೆರೆದಿಟ್ಟು ಗುಬ್ಬಿಯ ಗೊಂಬೆಯನ್ನೂ ಅಗುಳಿಯನ್ನೂ ಆ ಕಡೆ ಕುಳಿತ ಮಗುವಿಗೆ ಒಪ್ಪಿಸಿದರೆ, ಯಾವಾಗ ಬಾಗಿಲು ತೆರೆಯಬೇಕೆಂಬುದನ್ನು ಮಗುವೇ ತೀರ್ಮಾನಿಸುತ್ತದೆ, ಕೆಲವು ದಿನ ಬಹಳ ತಡಮಾಡಿಯೇ ತೀರ್ಮಾನಿಸುತ್ತದೆ. ಅಗುಳಿಯು ಎರಡು ಬೆರಳಗಲದ ಮರದ ಪಟ್ಟಿಯಾಗಿರಲಿ. ಬಾಗಿಲಿಗೆ ಕಬ್ಬಿಣದ ಕೀಲಿನ ಬದಲು ಚರ್ಮದ ಅಥವಾ ದಪ್ಪಬಟ್ಟೆಯ ಪಟ್ಟಿಗಳನ್ನು ಹೊಡೆದು, ಕೀಲಿನ ಬದಿಯಲ್ಲಿ ಅರ್ಧ ಅಂಗುಲ ಸಂದನ್ನು ಬಿಡಿಸಿದರೆ ಬೆರಳು ಸಿಕ್ಕಿಕೊಳ್ಳುವುದಿಲ್ಲ.